ತಂಗಿಗೆ ಎರಡೂ ಕಾಲಲ್ಲಿ ಬಲ ಇಲ್ಲ, ಸೊಂಟದ ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ ಅಷ್ಟೇ ಅಂತಿದಾರೆ, ಗೊತ್ತಿರೋರು ದಯವಿಟ್ಟು ಹೇಳಿ

ತೆಂಗಿನಸೀಮೆ
ಭಾನುವಾರ, ರಾತ್ರಿ 9:40

ನಮಸ್ಕಾರ ಎಲ್ರಿಗೂ. ನಾನು ತಿಪಟೂರು ಕಡೆಯವ್ನು. ತಂಗಿಗೆ 29 ವರ್ಷ, ಮದ್ವೆ ಆಗಿ ಒಂದು ಮಗು ಇದೆ, ಇಲ್ಲಿ ತನಕ ಶುಗರ್ ಬಿಪಿ ಏನೂ ಇಲ್ಲ. ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಎದ್ದಾಗ ಎರಡೂ ಪಾದ ಜೋಮು ಹಿಡಿದಂಗಿದೆ ಅಂದ್ಲು, ಕೂತಿದ್ದಕ್ಕಿರ್ಬೇಕು ಅಂತ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಮೂರನೇ ದಿನಕ್ಕೆ ಜೋಮು ಮಂಡಿ ದಾಟಿ ತೊಡೆಗೆ ಬಂತು, ಆಮೇಲೆ ಎದೆ ಕೆಳಗೆ ಪಕ್ಕೆಲುಬಿನ ಹತ್ರ ಯಾರೋ ಸೀರೆ ಬಿಗಿಯಾಗಿ ಸುತ್ತಿ ಎಳೀತಿದಾರೆ ಅನ್ನೋ ಥರ ಬಿಗಿತ ಅಂತಾಳೆ. ಈಗ ಗೋಡೆ ಹಿಡ್ಕೊಂಡ್ರೂ ನಡಿಯೋಕಾಗ್ತಿಲ್ಲ, ಎಡಗಾಲು ಜಾಸ್ತಿ ಸೋತಿದೆ. ಸ್ನಾನಕ್ಕೆ ಕೂತಾಗ ನೀರು ಬಿಸಿನೋ ತಣ್ಣಗಿದ್ಯೋ ಕಾಲಿಗೆ ಗೊತ್ತಾಗ್ತಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತೆ.

ಇಲ್ಲಿ ತೋರಿಸಿದ್ವಿ, ಸೊಂಟದ ಎಂಆರ್‌ಐ ಮಾಡಿಸಿದ್ರು, ಎಲ್4-ಎಲ್5 (ಸೊಂಟದ ನಾಲ್ಕನೇ-ಐದನೇ ಮೂಳೆ) ಹತ್ರ ಸಣ್ಣ ಡಿಸ್ಕ್ ಬಲ್ಜ್, ಅಂದ್ರೆ ಮೂಳೆ ನಡುವಿನ ಮೆತ್ತೆ ಉಬ್ಬಿದೆ, ಬೇರೇನಿಲ್ಲ, ಬೆಡ್ ರೆಸ್ಟ್ ಮಾಡಿ ಅಂತ ನರದ ಮಾತ್ರೆ, ಬಿ12 ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಇನ್ನೊಬ್ಬ ಡಾಕ್ಟರು ಜಿಬಿಎಸ್ (ಗಿಲಾನ್ ಬಾರೆ, ಕೈಕಾಲಿನ ನರ ಸೋಲೋ ಕಾಯಿಲೆ) ಇರ್ಬಹುದು ಅಂದ್ರು. ಮನೇಲಿ ಹಿರಿಯರು ನರ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ ಶಾಖ ಕೊಟ್ಟು ಉಳುಕು ತೆಗೆಸಿದ್ರೆ ಸರಿ ಹೋಗುತ್ತೆ ಅಂತ ಹಟ ಹಿಡಿದಿದಾರೆ. ನಿನ್ನೆಯಿಂದ ಒಂದಕ್ಕೆ ಹೋದ್ರೆ ಸರಿಯಾಗಿ ಬರ್ತಿಲ್ಲ, ಹನಿ ಹನಿ ಬರುತ್ತೆ, ಹೊಟ್ಟೆ ಕೆಳಗೆ ಉಬ್ಬಿದಂಗಿದೆ. ಡಿಸ್ಕ್ ಬಲ್ಜ್‌ಗೆ ಇಷ್ಟೆಲ್ಲ ಆಗುತ್ತಾ? ಬೆಳಿಗ್ಗೆ ತನಕ ಕಾಯ್ಬಹುದಾ? ನಿದ್ದೆ ಬರ್ತಿಲ್ಲ ನನಗೆ.

ವಾರ್ಡ್_ಸಿಸ್ಟರ್
ಭಾನುವಾರ, ರಾತ್ರಿ 9:52

ಕಾಯ್ಬೇಡಿ. ಈಗ್ಲೇ ಹೊರಡಿ. ನಾನು ನ್ಯೂರೋ ವಾರ್ಡಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದೀನಿ, ಎರಡೂ ಕಾಲು ಸೋತು ಅದ್ರ ಜೊತೆ ಯೂರಿನ್ ಕಟ್ತು ಅಂದ್ರೆ ಅದು ಎಮರ್ಜೆನ್ಸಿ, ಒಪಿಡಿ ಚೀಟಿ ಮಾಡಿಸಿ ಕಾಯೋ ಕೇಸ್ ಅಲ್ಲ. ಹನಿ ಹನಿ ಬರ್ತಿದೆ ಅಂದ್ರೆ ಮೂತ್ರಕೋಶ ತುಂಬಿ ತುಳುಕ್ತಿದೆ ಅಂತ, ಖಾಲಿ ಆಗ್ತಿದೆ ಅಂತ ಅಲ್ಲ. ಜಾಗ ಮರಗಟ್ಟಿರೋದ್ರಿಂದ ಅವ್ರಿಗೆ ನೋವೂ ಸರಿಯಾಗಿ ಗೊತ್ತಾಗಲ್ಲ, ಹಂಗೇ ಬಿಟ್ರೆ ಕಿಡ್ನಿಗೆ ತೊಂದ್ರೆ. ಹತ್ತಿರದ ಯಾವ ಆಸ್ಪತ್ರೆಲಾದ್ರೂ ಮೊದಲು ಕ್ಯಾಥೆಟರ್ (ಯೂರಿನ್ ಪೈಪ್) ಹಾಕಿಸ್ಕೊಂಡು ಆಮೇಲೆ ನ್ಯೂರಾಲಜಿಸ್ಟ್ ಇರೋ ಕಡೆ ಹೋಗಿ. ಬೆಂಗಳೂರಿಗೆ ಬರೋದಾದ್ರೆ ಹೊಸೂರು ರಸ್ತೆ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ ರಾತ್ರಿ ಪೂರ್ತಿ ಇರುತ್ತೆ.

ಇನ್ನೊಂದು, ಶಾಖ ಮಾತ್ರ ಕೊಡಲೇಬೇಡಿ. ಬಿಸಿ ಗೊತ್ತಾಗದ ಕಾಲಿಗೆ ಬಿಸಿನೀರ ಬ್ಯಾಗ್ ಇಟ್ಟು ಚರ್ಮ ಸುಟ್ಟು ಬೊಬ್ಬೆ ಎದ್ದು ಬಂದೋರನ್ನ ಎಷ್ಟೋ ಜನನ್ನ ನೋಡಿದೀನಿ, ಕಾಲು ಸರಿ ಹೋದ್ಮೇಲೂ ಆ ಗಾಯ ತಿಂಗಳುಗಟ್ಟಲೆ ಮಾಯಲ್ಲ. ಹಿರಿಯರಿಗೆ ಸಿಟ್ಟು ಬಂದ್ರೂ ಪರವಾಗಿಲ್ಲ, ಬೇಡ ಅನ್ನಿ.

ರಾತ್ರಿಪಾಳಿ_ಪಿಜಿ
ಭಾನುವಾರ, ರಾತ್ರಿ 10:15

ಸಿಸ್ಟರ್ ಹೇಳಿದ್ದು ಪೂರ್ತಿ ಸರಿ, ಮೊದಲು ಹೊರಡಿ, ಇದನ್ನ ಕಾರಲ್ಲಿ ಓದಿ. ನಾನು ನ್ಯೂರಾಲಜಿ ಓದ್ತಿದೀನಿ, ನಿಮ್ಮ ತಂಗಿನ ನೋಡದೆ ಡಯಾಗ್ನೋಸಿಸ್ ಹೇಳಲ್ಲ, ಆದ್ರೆ ಅಲ್ಲಿ ಹೋದಾಗ ಏನು ಹೇಳ್ಬೇಕು ಏನು ಕೇಳ್ಬೇಕು ಅನ್ನೋದು ಗೊತ್ತಿದ್ರೆ ಒಂದು ದಿನ ಉಳಿಯುತ್ತೆ, ಈ ಕಾಯಿಲೆಲಿ ಒಂದು ದಿನ ಅಂದ್ರೆ ತುಂಬ ದೊಡ್ಡದು.

ಬೆನ್ನುಹುರಿ ಸೊಂಟದ ತನಕ ಇರಲ್ಲ. ದೊಡ್ಡೋರಲ್ಲಿ ಅದು ಎಲ್1-ಎಲ್2 ಮೂಳೆ ಹತ್ರಾನೇ ಮುಗಿದು ಹೋಗುತ್ತೆ, ಅಲ್ಲಿಂದ ಕೆಳಗೆ ಇರೋದು ಕುದುರೆ ಬಾಲದ ಥರ ನರಗಳ ಗೊಂಚಲು. ಅಂದ್ರೆ ಎಲ್4-ಎಲ್5 ಹತ್ರ ಎಷ್ಟೇ ಚೆನ್ನಾಗಿ ಎಂಆರ್‌ಐ ತೆಗೆದ್ರೂ ಅಲ್ಲಿ ಬೆನ್ನುಹುರಿನೇ ಇರಲ್ಲ. ಕಾಲು ಸೋತಿದೆ ಅಂದ ತಕ್ಷಣ ಸೊಂಟ ಸ್ಕ್ಯಾನ್ ಮಾಡೋ ರೂಢಿ ಇದೆ, ಅದ್ರಲ್ಲಿ ಒಂದು ಬಲ್ಜ್ ಸಿಗುತ್ತೆ, ಏನೂ ತೊಂದ್ರೆ ಇಲ್ಲದೋರಲ್ಲೂ ಸಿಗುತ್ತೆ ಆ ಬಲ್ಜು, ಅದನ್ನೇ ಕಾರಣ ಅಂದ್ಕೊಂಡು ವಾರ ಕಳೆದು ಹೋಗುತ್ತೆ. ನನಗೆ ತುಂಬ ಬೇಜಾರಾಗೋ ವಿಷಯ ಇದು.

ಪಕ್ಕೆಲುಬಿನ ಹತ್ರ ಸೀರೆ ಬಿಗಿದಂಗೆ ಅಂದ್ರಲ್ಲ, ಅದನ್ನ ಡಾಕ್ಟರ್‌ಗೆ ಅದೇ ಮಾತಲ್ಲಿ ಹೇಳಿ. ಎದೆಯಿಂದ ಕೆಳಗೆ ಒಂದು ಗೆರೆ ಎಳೆದಂಗೆ ಸ್ಪರ್ಶ ಬದಲಾಗುತ್ತೆ ಅಂದ್ರೆ ಅದಕ್ಕೆ ಸೆನ್ಸರಿ ಲೆವೆಲ್ ಅಂತೀವಿ, ಎದೆ ಭಾಗದ ಹುರಿಗೆ ಟಿ ಅಂತ ನಂಬರ್ ಇರುತ್ತೆ, ಹೊಕ್ಕುಳ ಅಂದ್ರೆ ಟಿ10, ಎದೆಯ ತೊಟ್ಟಿನ ಮಟ್ಟ ಅಂದ್ರೆ ಟಿ4. ಸೊಂಟದ ಡಿಸ್ಕ್ ಪಕ್ಕೆಲುಬಿನ ಹತ್ರ ಬಿಗಿತ ತರೋಕೆ ಸಾಧ್ಯನೇ ಇಲ್ಲ. ತೊಂದ್ರೆ ಆ ಗೆರೆ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತೆ, ಕೆಲವ್ರಿಗೆ ಗೆರೆ ಹೊಟ್ಟೆ ಹತ್ರ ಇದ್ರೂ ಗಾಯ ಕುತ್ತಿಗೆಲಿರುತ್ತೆ, ಅದಕ್ಕೇ ಕೇಳ್ಬೇಕಾದ್ದು ಕುತ್ತಿಗೆಯಿಂದ ಹಿಡಿದು ಪೂರ್ತಿ ಬೆನ್ನಿನ ಎಂಆರ್‌ಐ, ಕಾಂಟ್ರಾಸ್ಟ್ (ಗಾಯ ಎದ್ದು ಕಾಣೋಕೆ ಕೊಡೋ ಇಂಜೆಕ್ಷನ್) ಜೊತೆ, ಅದ್ರ ಜೊತೆ ಮೆದುಳು.

ಆ ಎಂಆರ್‌ಐನಲ್ಲಿ ಮೊದಲು ನೋಡೋದು ಹುರಿನ ಹೊರಗಿಂದ ಏನಾದ್ರೂ ಒತ್ತುತ್ತಿದ್ಯಾ ಅಂತ. ನಮ್ಮ ಕಡೆ ಬೆನ್ನುಮೂಳೆ ಟಿಬಿ ಇದೆ, ಕೀವು ಇರ್ಬಹುದು, ಗಡ್ಡೆ ಇರ್ಬಹುದು, ಎದೆ ಮಟ್ಟದ ಡಿಸ್ಕೇ ಇರ್ಬಹುದು. ಒತ್ತಡ ಇದ್ರೆ ಅದು ಸರ್ಜನ್ ಕೆಲಸ. ಒತ್ತಡ ಇಲ್ಲ, ಹುರಿ ಒಳಗೇ ಬೆಳ್ಳಗೆ ಕಾಣ್ತಿದೆ ಅಂದ್ರೆ ಆಗ ಉರಿಯೂತ, ಮೈಲೈಟಿಸ್ ಅನ್ನೋ ಮಾತು ಬರುತ್ತೆ. ಅದನ್ನ ಗಟ್ಟಿ ಮಾಡ್ಕೊಳ್ಳೋಕೆ ಬೆನ್ನಿಂದ ನೀರು ತೆಗೀತಾರೆ, ಅದ್ರಲ್ಲಿ ಬಿಳಿ ರಕ್ತಕಣ ಜಾಸ್ತಿ ಇದೆಯಾ, ಟಿಬಿ ಇದೆಯಾ, ವೈರಸ್ ಇದೆಯಾ ನೋಡ್ತಾರೆ. ಬೆನ್ನಿಂದ ನೀರು ತೆಗೆದ್ರೆ ಕಾಲು ಬಿದ್ದು ಹೋಗುತ್ತೆ ಅಂತ ಊರಲ್ಲಿ ಹೇಳ್ತಾರೆ, ಸೂಜಿ ಹಾಕೋ ಜಾಗದಲ್ಲಿ ಆಗ್ಲೇ ಹೇಳಿದಂಗೆ ಹುರಿ ಇರೋದೇ ಇಲ್ಲ, ಹೆದರಿ ಬೇಡ ಅನ್ಬೇಡಿ.

ಎಷ್ಟು ಹೊತ್ತಲ್ಲಿ ಪೂರ್ತಿ ಆಯ್ತು ಅನ್ನೋದನ್ನ ತುಂಬ ಸರಿಯಾಗಿ ಹೇಳಿ. 2002ರಲ್ಲಿ ಮಾಡಿದ ಟ್ರಾನ್ಸ್‌ವರ್ಸ್ ಮೈಲೈಟಿಸ್ (ಬೆನ್ನುಹುರಿ ಉರಿಯೂತ) ಮಾನದಂಡದಲ್ಲಿ ಶುರುವಾಗಿ 4 ಗಂಟೆಯಿಂದ 21 ದಿನದೊಳಗೆ ಕೆಟ್ಟ ಸ್ಥಿತಿಗೆ ತಲುಪ್ಬೇಕು ಅಂತಿದೆ. ನಿಮಿಷಗಳಲ್ಲಿ ಕಾಲು ಬಿದ್ದು ಹೋದ್ರೆ ಹುರಿಗೆ ರಕ್ತ ಹೋಗೋದು ನಿಂತಿರ್ಬಹುದು ಅಂತ ಯೋಚನೆ, ತಿಂಗಳುಗಟ್ಟಲೆ ನಿಧಾನಕ್ಕೆ ಕೆಡ್ತಾ ಬಂದ್ರೆ ಅದು ಬೇರೇನೋ. ನಿಮ್ಮ ತಂಗಿದು ಒಂಬತ್ತು ದಿನ.

ಜಿಬಿಎಸ್ ಅಂದ್ರಂತಲ್ಲ, ಅದ್ರಲ್ಲೂ ಪಾದದಿಂದ ಮೇಲೆ ಹತ್ತುತ್ತೆ, ಆದ್ರೆ ಗೆರೆ ಎಳೆದಂಗೆ ಲೆವೆಲ್ ಸಿಗಲ್ಲ, ಯೂರಿನ್ ಶುರುವಲ್ಲೇ ಕಟ್ಟೋದು ಅಪರೂಪ. ಮಂಡಿಗೆ ಸುತ್ತಿಗೆ ಬಡಿದು ಕಾಲು ಚಿಮ್ಮುತ್ತಾ (ರಿಫ್ಲೆಕ್ಸ್) ಅಂತ ನೋಡೋದು ಮಾತ್ರ ಮೊದಲ ದಿನಗಳಲ್ಲಿ ಮೋಸ ಮಾಡ್ಬಹುದು, ಜಿಬಿಎಸ್‌ನಲ್ಲಿ ಇಲ್ಲದಂಗೆ ಹುರಿಗೆ ಪೆಟ್ಟು ಬಿದ್ದ ಶುರುವಲ್ಲೂ ರಿಫ್ಲೆಕ್ಸ್ ಇರಲ್ಲ.

ಕೊನೆಗೆ ಒಂದು. ಸ್ಟೆರಾಯ್ಡ್ ಡ್ರಿಪ್ ಹಾಕೋ ಮುಂಚೆ ಎಕ್ಯೂಪಿ4 ಮತ್ತೆ ಮಾಗ್ ಆಂಟಿಬಾಡಿಗೆ (ದೇಹ ತನ್ನ ಮೇಲೇ ತಪ್ಪಿ ಮಾಡ್ಕೊಳ್ಳೋ ಪ್ರೋಟೀನ್) ರಕ್ತ ತೆಗೆದು ಇಟ್ರಾ ಅಂತ ವಿನಯವಾಗಿ ಕೇಳಿ. ರಿಪೋರ್ಟ್ ಬರೋಕೆ ದಿನಗಳು ಬೇಕು, ಅದಕ್ಕೆ ಕಾದು ಔಷಧ ನಿಲ್ಲಿಸೋದು ಬೇಡ, ರಕ್ತ ಮಾತ್ರ ಮೊದಲೇ ತೆಗೆದಿರ್ಲಿ.

ತೆಂಗಿನಸೀಮೆ
ಮಂಗಳವಾರ, ಸಂಜೆ 6:20

ಇಬ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ಆ ರಾತ್ರಿನೇ ಹೊರಟ್ವಿ. ಮೊದಲು ನಿಲ್ಲಿಸಿದ ಕಡೆ ಕ್ಯಾಥೆಟರ್ ಹಾಕಿದ ತಕ್ಷಣ 900 ಎಂಎಲ್ ಬಂತು, ನನ್ನ ತಂಗಿ ಅಷ್ಟೊಂದು ತುಂಬ್ಕೊಂಡು ಮಲಗಿದ್ಲು ಅಂತ ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ. ಬೆಂಗಳೂರಲ್ಲಿ ಡಾಕ್ಟರು ಸೂಜಿ ತುದೀಲಿ ಚುಚ್ತಾ ಚುಚ್ತಾ ಮೇಲೆ ಬಂದ್ರು, ಎದೆ ಕೆಳಗೆ ಒಂದು ಜಾಗದಲ್ಲಿ ಇವ್ಳು ಹಾ ಇಲ್ಲಿ ಚುರುಕ್ ಅಂತು ಅಂದ್ಲು, ಅವ್ರು ಪೆನ್ನಲ್ಲಿ ಅಲ್ಲಿ ಗೆರೆ ಹಾಕಿದ್ರು. ಪೂರ್ತಿ ಬೆನ್ನಿನ ಎಂಆರ್‌ಐ ಆಯ್ತು, ಟಿ2ನಿಂದ ಟಿ7 ತನಕ ಹುರಿ ನಡುಮಧ್ಯೆ ಉದ್ದಕ್ಕೆ ಬೆಳ್ಳಗಿದೆ, ಊದ್ಕೊಂಡಿದೆ, ಕಾಂಟ್ರಾಸ್ಟ್ ಹಿಡಿದಿದೆ ಅಂತ ಬರೆದಿದಾರೆ. ಒತ್ತಡ ಏನಿಲ್ಲ. ಮೆದುಳಿನ ಎಂಆರ್‌ಐ ರಿಪೋರ್ಟ್ ಇನ್ನೂ ಕೈಗೆ ಬಂದಿಲ್ಲ. ಬೆನ್ನು ನೀರಲ್ಲಿ ಕಣ ಜಾಸ್ತಿ ಇದೆ, ಟಿಬಿ ಜೀನ್ ಟೆಸ್ಟ್ ನೆಗೆಟಿವ್. ರಕ್ತ ಮೊದಲೇ ತೆಗೆದಿದ್ರು, ನಾನು ಕೇಳೋ ಮುಂಚೆನೇ. ಮಿಥೈಲ್ ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂ, ಐದು ದಿನ ಅಂತ ನಿನ್ನೆಯಿಂದ ಶುರು.

ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಂತ ಹೇಳಿದಾರೆ. ಹಂಗಾದ್ರೆ ಕಾಯಿಲೆ ಸಿಕ್ತಲ್ಲ, ಮತ್ತೆ ಇನ್ನೂ ಅಷ್ಟೊಂದು ಟೆಸ್ಟ್ ಯಾಕೆ ಕಳಿಸ್ತಿದಾರೆ, ಕಣ್ಣಿನ ಟೆಸ್ಟ್ ಬೇರೆ ಮಾಡಿಸ್ತಿದಾರೆ ಅನ್ನೋದು ಮಾತ್ರ ಅರ್ಥ ಆಗ್ತಿಲ್ಲ.

ತುಂಗೆಯ_ದಡ
ಮಂಗಳವಾರ, ರಾತ್ರಿ 8:05

ತೆಂಗಿನಸೀಮೆ ಅವ್ರೆ, ನಾನು ಶಿವಮೊಗ್ಗದವ್ಳು, ನನಗೆ ಇದೇ ಗುಂಪಿನ ಕಾಯಿಲೆ ಇದೆ, ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ, ಕಣ್ಣಿನ ನರ ಮತ್ತೆ ಬೆನ್ನುಹುರಿಗೆ ಪೆಟ್ಟು ಬೀಳೋ ಕಾಯಿಲೆ) ಅಂತಾರೆ. ಟ್ರಾನ್ಸ್‌ವರ್ಸ್ ಮೈಲೈಟಿಸ್ ಅನ್ನೋದು ಮನೆಗೆ ಬೆಂಕಿ ಬಿದ್ದಿದೆ ಅಂತ ಹೇಳಿದಂಗೆ ಅಷ್ಟೇ, ಯಾಕೆ ಬಿತ್ತು ಅನ್ನೋದು ಅದ್ರಲ್ಲಿ ಇಲ್ಲ. ನನಗೆ ಆ ಯಾಕೆ ಗೊತ್ತಾಗೋಕೆ ಎರಡು ವರ್ಷ ಹೋಯ್ತು, ನಿಮ್ಮ ತಂಗಿಗೆ ಹಂಗಾಗ್ಬಾರ್ದು ಅಂತ ಬರೀತಿದೀನಿ.

ನನಗೆ ಮೊದಲು ಬಂದದ್ದು ಬಿಕ್ಕಳಿಕೆ. ನಂಬಿ, ಬರೀ ಬಿಕ್ಕಳಿಕೆ ಮತ್ತೆ ವಾಂತಿ, ಮೂರು ವಾರ ಹಗಲು ರಾತ್ರಿ. ಎಂಡೋಸ್ಕೋಪಿ ಮಾಡಿಸಿದ್ರು, ಗ್ಯಾಸ್ಟ್ರಿಕ್ ಅಂದ್ರು, ಆಮೇಲೆ ಮನಸ್ಸಿಗೆ ಸಂಬಂಧ ಅಂದ್ರು, ಒಂದಿನ ತಾನೇ ನಿಂತು ಹೋಯ್ತು. ಆರು ತಿಂಗಳಾದ್ಮೇಲೆ ಕಾಲು ಹೋಯ್ತು. ಬಿಕ್ಕಳಿಕೆಗೂ ಕಾಲಿಗೂ ಸಂಬಂಧ ಇದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು, ನಾನು ಹೇಳ್ಲಿಲ್ಲ, ಅವ್ರು ಕೇಳ್ಲಿಲ್ಲ. ಆಗ ತೋರಿಸಿದ ಆಸ್ಪತ್ರೆಲಿ ಆಂಟಿಬಾಡಿ ಟೆಸ್ಟ್ ಎಲೈಸಾ ವಿಧಾನದಲ್ಲಿ ಮಾಡಿ ನೆಗೆಟಿವ್ ಅಂದು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ಹುರಿಗೆ ಪೆಟ್ಟು ಬೀಳೋ ಇನ್ನೊಂದು ಕಾಯಿಲೆ) ಅಂತ ಹೆಸರಿಟ್ಟು ಇಂಟರ್‌ಫೆರಾನ್ ಶುರು ಮಾಡಿದ್ರು. ಎಂಎಸ್‌ಗೆ ಒಳ್ಳೆ ಔಷಧಿನೇ ಅದು, ಆದ್ರೆ ಎನ್‌ಎಂಒ ಇರೋರಿಗೆ ಕೆಟ್ಟದ್ದು ಮಾಡುತ್ತೆ. ನಾಲ್ಕೇ ತಿಂಗಳಲ್ಲಿ ಎಡಗಣ್ಣು ಮಂಕಾಯ್ತು, ಇವತ್ತಿಗೂ ಆ ಕಣ್ಣಲ್ಲಿ ಕೆಂಪು ಬಣ್ಣ ತೊಳೆದ ಇಟ್ಟಿಗೆ ಥರ ಕಾಣುತ್ತೆ. ಆಮೇಲೆ ಬೇರೆ ಕಡೆ ಸೆಲ್ ಬೇಸ್ಡ್ ಅಸ್ಸೇ ಅನ್ನೋ ವಿಧಾನದಲ್ಲಿ ಮತ್ತೆ ಮಾಡಿದಾಗ ಪಾಸಿಟಿವ್ ಬಂತು.

ಅದಕ್ಕೆ ಎರಡೇ ಮಾತು ಹೇಳ್ತೀನಿ, ಟೆಸ್ಟ್ ಯಾವ ವಿಧಾನದ್ದು ಅಂತ ಕೇಳಿ, ಮತ್ತೆ ತಂಗಿನ ಕೂರಿಸ್ಕೊಂಡು ಹಿಂದಿನ ಒಂದೆರಡು ವರ್ಷದಲ್ಲಿ ಬಿಕ್ಕಳಿಕೆ, ಬಿಡದ ವಾಂತಿ, ಒಂದು ಕಣ್ಣು ತಿರುಗಿಸಿದಾಗ ನೋವು, ಕುತ್ತಿಗೆ ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟ್ ಹೊಡೆದಂಗೆ ಆಗೋದು, ಇದ್ರಲ್ಲಿ ಯಾವ್ದಾದ್ರೂ ಬಂದಿತ್ತಾ ಅಂತ ಒಂದೊಂದಾಗಿ ಕೇಳಿ.

ತೆಂಗಿನಸೀಮೆ
ಮಂಗಳವಾರ, ರಾತ್ರಿ 10:30

ಅಕ್ಕಾ, ಇದನ್ನ ಓದಿ ಮೈ ಜುಮ್ ಅಂತು. ಯುಗಾದಿ ಟೈಮಲ್ಲಿ ಅವ್ಳಿಗೆ ಹತ್ತು ಹನ್ನೆರಡು ದಿನ ವಾಂತಿ, ಬಿಕ್ಕಳಿಕೆ. ಒಬ್ಬಟ್ಟು ಜಾಸ್ತಿ ಆಯ್ತು, ಪಿತ್ತ ಅಂತ ನಾವೆಲ್ಲ ಅಂದ್ವಿ, ಇನ್ನೊಂದು ಮಗು ಇರ್ಬೇಕು ಅಂತ ಅತ್ತೆ ಟೆಸ್ಟ್ ಮಾಡಿಸಿದ್ರು. ಡ್ರಿಪ್ ಹಾಕಿಸ್ಕೊಂಡು ಬಂದಿದ್ಲು. ಇಷ್ಟು ದಿನದಲ್ಲಿ ಯಾರಿಗೂ ಅದು ನೆನಪೇ ಆಗ್ಲಿಲ್ಲ. ನಾಳೆ ರೌಂಡ್ಸ್‌ಗೆ ಬಂದಾಗ ಮೊದಲು ಇದನ್ನೇ ಹೇಳ್ತೀನಿ.

ರಾತ್ರಿಪಾಳಿ_ಪಿಜಿ
ಬುಧವಾರ, ಬೆಳಿಗ್ಗೆ 5:50

ಖಂಡಿತ ಹೇಳಿ, ಫೈಲಲ್ಲಿ ಬರೆಸಿ. ಮೆದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಅನ್ನೋ ಚಿಕ್ಕ ಜಾಗ ಇದೆ, ವಾಂತಿ ಬರಿಸೋ ಜಾಗ, ಅಲ್ಲಿ ರಕ್ತಕ್ಕೂ ಮೆದುಳಿಗೂ ನಡುವಿನ ತಡೆ ಸಡಿಲ ಇರುತ್ತೆ. ಎಕ್ಯೂಪಿ4 ಅನ್ನೋದು ಜೀವಕೋಶದಲ್ಲಿ ನೀರು ಓಡಾಡೋ ಬಾಗಿಲು, ಅದು ಆ ಜಾಗದಲ್ಲಿ, ಬೆನ್ನುಹುರಿಲಿ, ಕಣ್ಣಿನ ನರದಲ್ಲಿ ತುಂಬ ಇದೆ, ದೇಹ ತಪ್ಪಿ ಅದ್ರ ಮೇಲೆ ಆಂಟಿಬಾಡಿ ಮಾಡ್ಕೊಂಡ್ರೆ ಈ ಮೂರೂ ಕಡೆ ಪೆಟ್ಟು ಬೀಳುತ್ತೆ. ಕಣ್ಣಿನ ಟೆಸ್ಟ್ ಮಾಡಿಸ್ತಿರೋದೂ ಅದಕ್ಕೇ, ರೋಗಿಗೆ ಗೊತ್ತಾಗದಷ್ಟು ಚಿಕ್ಕದಾಗಿ ಕಣ್ಣಿನ ನರಕ್ಕೆ ಮೊದಲೇ ಪೆಟ್ಟು ಬಿದ್ದಿದ್ರೆ ಅದ್ರಲ್ಲಿ ಸಿಗುತ್ತೆ. ಫ್ರಾನ್ಸಿನ ಲಿಯಾನ್ ಊರಿನ ಡೆವಿಕ್ ಅನ್ನೋ ಡಾಕ್ಟರು 1894ರಲ್ಲೇ ಕಣ್ಣು ಮತ್ತೆ ಹುರಿ ಒಟ್ಟಿಗೆ ಹೋಗೋ ಕಾಯಿಲೆ ಬಗ್ಗೆ ಬರೆದಿದ್ರು, ನೂರಕ್ಕೂ ಜಾಸ್ತಿ ವರ್ಷ ಅದನ್ನ ಎಂಎಸ್‌ನ ಇನ್ನೊಂದು ರೂಪ ಅಂದ್ಕೊಂಡಿದ್ರು ತುಂಬ ಜನ, 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನೋರು ಆಂಟಿಬಾಡಿ ಹಿಡಿದ ಮೇಲೆ ಬೇರೆ ಕಾಯಿಲೆ ಅಂತ ಗಟ್ಟಿ ಆಯ್ತು.

ಟಿ2ನಿಂದ ಟಿ7 ಅಂದ್ರಲ್ಲ, ಮೂರು ಮೂಳೆ ಉದ್ದ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಉದ್ದದ ಗಾಯ ಅಂತ ಲೆಕ್ಕ. ಎಂಎಸ್‌ನಲ್ಲಿ ಸಾಮಾನ್ಯವಾಗಿ ಗಾಯ ಚಿಕ್ಕದು, ಹುರಿಯ ಅಂಚಿಗೆ ಇರುತ್ತೆ, ಎನ್‌ಎಂಒನಲ್ಲಿ ಉದ್ದ, ನಡುವಿಗೆ ಇರುತ್ತೆ. ಎಕ್ಯೂಪಿ4 ಪಾಸಿಟಿವ್ ಇರೋರಲ್ಲಿ ಒಬ್ಬ ಗಂಡಸಿಗೆ ಸುಮಾರು ಒಂಬತ್ತು ಹೆಂಗಸರು. ಮಾಗ್ ಅನ್ನೋದು ಇನ್ನೊಂದು ಆಂಟಿಬಾಡಿ, ಅದು ಗಂಡಸರು ಹೆಂಗಸರು ಇಬ್ರಿಗೂ ಹೆಚ್ಚುಕಮ್ಮಿ ಸಮ, ಮಕ್ಕಳಲ್ಲಿ ಜಾಸ್ತಿ, ಅದಕ್ಕೆ 2023ರಲ್ಲಿ ಬೇರೆ ಮಾನದಂಡ ಬಂದಿದೆ. ಬೆನ್ನು ನೀರಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ಒಂಥರ ಪ್ರೋಟೀನ್ ಗುರುತು) ನೋಡ್ತಾರೆ, ಎಂಎಸ್‌ನಲ್ಲಿ ಬಹುಪಾಲು ಜನಕ್ಕೆ ಇರುತ್ತೆ, ಎನ್‌ಎಂಒನಲ್ಲಿ ಕಮ್ಮಿ ಜನಕ್ಕೆ. ಇವತ್ತು ಕೊಡೋ ಸ್ಟೆರಾಯ್ಡ್ ಎಲ್ಲಕ್ಕೂ ಒಂದೇ, ಆದ್ರೆ ಮುಂದೆ ವರ್ಷಗಟ್ಟಲೆ ಕೊಡೋ ಔಷಧ ಬೇರೆ ಬೇರೆ, ಅದಕ್ಕೇ ಅಷ್ಟು ಟೆಸ್ಟು.

ತುಂಗೆಯ ದಡ ಅವ್ರು ಹೇಳಿದ ಸೆಲ್ ಬೇಸ್ಡ್ ವಿಧಾನನೇ ಈಗ ನಂಬೋದು, 2015ರ ಎನ್‌ಎಂಒ ಮಾನದಂಡದಲ್ಲೂ ಅದನ್ನೇ ಮಾಡಿ ಅಂತಿದೆ, ಎಲೈಸಾದಲ್ಲಿ ಸುಳ್ಳು ಪಾಸಿಟಿವ್ ಬರೋದೂ ಇದೆ, ಇವ್ರಿಗಾದಂಗೆ ತಪ್ಪಿ ಹೋಗೋದೂ ಇದೆ. ನಮ್ಮ ರಾಜ್ಯದಲ್ಲೇ ಮಂಗಳೂರಿನ ನಿಟ್ಟೆ ಯೂನಿವರ್ಸಿಟಿಲಿ ಈ ಕಾಯಿಲೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡ್ತಿರೋ ಕೇಂದ್ರ ಇದೆ, ಬೇರೆ ಊರಿಂದ ಸ್ಯಾಂಪಲ್ ಅಲ್ಲಿಗೆ ಹೋಗುತ್ತೆ.

ಧಾರವಾಡ_ಪೇಢೆ
ಬುಧವಾರ, ಬೆಳಿಗ್ಗೆ 9:10

ಎಲ್ಲಾರೂ ಛಲೋ ಹೇಳ್ಯಾರಿ, ನಾ ಒಂದ್ ಮಾತ್ ಸೇರಸ್ತೇನಿ, ಈ ಹುಡುಗಿಗೆ ಅಲ್ಲ, ಮುಂದ ಇದನ್ನ ಓದಾವ್ರಿಗೆ. ನಮ್ಮ ಅಪ್ಪಾರಿಗೆ 61 ವಯಸ್ಸಾಗಿತ್ತು, ಎಂಟ್ ತಿಂಗಳಿಂದ ಕಾಲ್ ಸೋಲತಿದ್ವು, ಸ್ವಲ್ಪ ದೂರ ನಡದ್ರ ಇನ್ನೂ ಸೋಲತಿದ್ವು, ಕುಂತ್ರ ಒಂಚೂರು ಸುಧಾರಸ್ತಿತ್ತು. ಎಂಆರ್‌ಐದಾಗ ಹುರಿ ಉದ್ದಕ್ಕ ಬೆಳ್ಳಗ ಕಂಡಿದ್ದಕ್ಕ ಮೈಲೈಟಿಸ್ ಅಂತ ಸ್ಟೆರಾಯ್ಡ್ ಹಚ್ಚಿದ್ರು, ಮರುದಿನಕ್ಕ ಎದ್ದು ನಿಲ್ಲಾಕೂ ಬರಲಾರದಂಗ ಆತು. ಇನ್ನೊಂದ್ ಕಡೆ ಅದ ಫಿಲ್ಮ್ ನೋಡಿದ ಡಾಕ್ಟ್ರು ಹುರಿ ಹಿಂದ ಹುಳ ಹರದಂಗ ಕರಿ ಕರಿ ಚುಕ್ಕಿ ತೋರಿಸಿದ್ರು, ಅವು ಉಬ್ಬಿದ ರಕ್ತನಾಳ ಅಂತ. ಆಂಜಿಯೋಗ್ರಾಮ್ ಮಾಡಿದ್ರ ಡ್ಯೂರಲ್ ಫಿಸ್ಟುಲಾ ಅಂತ ಬಂತು, ರಕ್ತನಾಳದ ತಪ್ಪು ಜೋಡಣಿ, ಉರಿಯೂತ ಅಲ್ಲವೇ ಅಲ್ಲ. ಅದನ್ನ ಮುಚ್ಚಿದ ಮ್ಯಾಲೆ ಈಗ ಕೋಲ್ ಹಿಡದು ತ್ವಾಟಕ್ಕ ಹೊಕ್ಕಾರ. ವಯಸ್ಸಾದ ಗಂಡಸ್ರಿಗೆ, ತಿಂಗಳಗಟ್ಟಲೆ ಕೆಡಕೋಂತ ಬಂದಿದ್ರ, ಸ್ಟೆರಾಯ್ಡ್ ಕೊಟ್ಟ ಮ್ಯಾಲೆ ಇನ್ನೂ ಕೆಟ್ರ, ಇದನ್ನ ಕೇಳ್ರಿ.

ರಾತ್ರಿಪಾಳಿ_ಪಿಜಿ
ಬುಧವಾರ, ಬೆಳಿಗ್ಗೆ 9:40

ತುಂಬ ಮುಖ್ಯವಾದ ಮಾತು ಸರ್. ಹುರಿ ಬೆಳ್ಳಗಿದ್ದದ್ದೆಲ್ಲ ಉರಿಯೂತ ಅಲ್ಲ. ಬಿ12 ಕಮ್ಮಿ ಆದ್ರೂ ಹುರಿಯ ಹಿಂಭಾಗ ಉದ್ದಕ್ಕೆ ಬೆಳ್ಳಗಾಗುತ್ತೆ, ಸಸ್ಯಾಹಾರಿ ಮನೆಗಳಲ್ಲಿ ಇದನ್ನ ಮೊದಲು ನೋಡ್ಬೇಕು, ತಾಮ್ರದ ಅಂಶ ಕಮ್ಮಿ ಆದ್ರೂ ಹಂಗೇ ಕಾಣುತ್ತೆ. ಸಾರ್ಕಾಯ್ಡ್, ಲ್ಯೂಪಸ್ (ಇವೆರಡೂ ದೇಹದ ಬೇರೆ ಕಡೆನೂ ಉರಿಯೂತ ತರೋ ಕಾಯಿಲೆ), ಎಚ್‌ಐವಿ, ಸಿಫಿಲಿಸ್ ಇದೆಲ್ಲ ರಕ್ತದಲ್ಲಿ ನೋಡೋದೂ ಅದಕ್ಕೇ. ನಾವು ಕಲಿಯೋವಾಗ ಸೀನಿಯರ್ಸ್ ಮೊದಲು ಟೈಮ್ ಕೇಳು, ಆಮೇಲೆ ಲೆವೆಲ್ ಹುಡುಕು, ಆಮೇಲೆ ಫಿಲ್ಮ್ ನೋಡು ಅಂತಾರೆ, ಫಿಲ್ಮ್ ಮೊದಲು ನೋಡಿದ್ರೆ ತಪ್ಪು ದಾರಿ ಹಿಡೀತೀವಿ.

ತೆಂಗಿನಸೀಮೆ
ಮುಂದಿನ ವಾರದ ಶುಕ್ರವಾರ, ಮಧ್ಯಾಹ್ನ 2:15

ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ ಕೆಲವ್ರಿಗೆ ಮೆಸೇಜಲ್ಲಿ, ತಡ ಆಯ್ತು ಕ್ಷಮಿಸಿ. ವಾಂತಿ ಬಿಕ್ಕಳಿಕೆ ವಿಷಯ ಹೇಳಿದಾಗ ಡಾಕ್ಟರು ಮೆದುಳಿನ ಫಿಲ್ಮ್ ಮತ್ತೆ ತೆಗೆದು ಬುಡದಲ್ಲಿ ಒಂದು ಚಿಕ್ಕ ಚುಕ್ಕೆ ತೋರಿಸಿದ್ರು. ಸ್ಟೆರಾಯ್ಡ್ ಐದು ದಿನ ಆದ್ರೂ ಕಾಲು ಅಲ್ಲೇ ಇತ್ತು, ಆಂಟಿಬಾಡಿ ರಿಪೋರ್ಟ್‌ಗೆ ಕಾಯದೆ ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದಿಂದ ಆಂಟಿಬಾಡಿ ಇರೋ ದ್ರವ ತೆಗೆದು ಬೇರೆ ತುಂಬೋದು) ಶುರು ಮಾಡಿದ್ರು, ದಿನ ಬಿಟ್ಟು ದಿನ. ಮೊನ್ನೆ ರಿಪೋರ್ಟ್ ಬಂತು, ಎಕ್ಯೂಪಿ4 ಪಾಸಿಟಿವ್, ಸೆಲ್ ಬೇಸ್ಡ್ ಅಂತಾನೇ ಬರೆದಿದೆ. ಮಾಗ್ ನೆಗೆಟಿವ್. ಹೆಪಟೈಟಿಸ್, ಟಿಬಿ ಎಲ್ಲ ನೋಡ್ಕೊಂಡು ರಿಟುಕ್ಸಿಮ್ಯಾಬ್ (ಮತ್ತೆ ಬರದಂಗೆ ತಡೆಯೋ ಔಷಧ) ಕೊಡೋಣ ಅಂತಿದಾರೆ.

ಪ್ಲಾಸ್ಮಾ ಮೂರನೇ ಸಲ ಆದ ರಾತ್ರಿ ಬಲಗಾಲಿನ ಹೆಬ್ಬೆರಳು ಅಲ್ಲಾಡ್ತು. ಅಮ್ಮ ಬೆಡ್‌ಶೀಟ್ ಎತ್ತಿ ಎತ್ತಿ ನೋಡ್ತಿದ್ರು. ಇವತ್ತು ಮಂಡಿ ಸ್ವಲ್ಪ ಮಡಚ್ತಾಳೆ, ಎಡಗಾಲು ಇನ್ನೂ ಇಲ್ಲ. ಮಗುನ ಊರಲ್ಲಿ ಬಿಟ್ಟಿದೀವಿ, ದಿನಾ ವಿಡಿಯೋ ಕಾಲು.

ಒಂದು ಕೇಳ್ಬೇಕಿತ್ತು, ಮನೆಗೆ ಹೋದ್ಮೇಲೆ ಮತ್ತೆ ಬರ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ತುಂಗೆಯ_ದಡ
ಶುಕ್ರವಾರ, ಮಧ್ಯಾಹ್ನ 3:00

ಹೆಬ್ಬೆರಳು ಅಂತ ಓದಿ ಕಣ್ಣು ತುಂಬಿ ಬಂತು. ನಂದೂ ಅಲ್ಲಿಂದಾನೇ ಶುರು ಆದದ್ದು.

ಜ್ವರ ಬಂದಾಗ, ಬಿಸಿಲಲ್ಲಿ ಸುಸ್ತಾದಾಗ ಹಳೇ ಜೋಮು ಸ್ವಲ್ಪ ಹೊತ್ತು ಎದ್ದು ಬರುತ್ತೆ, ತಣ್ಣಗಾದ್ರೆ ಹೋಗುತ್ತೆ, ಅದು ಹೊಸ ಅಟ್ಯಾಕ್ ಅಲ್ಲ. ಹೊಸ ಜಾಗದಲ್ಲಿ ಜೋಮು ಬಂದು ಒಂದು ದಿನ ಪೂರ್ತಿ ಬಿಡದೆ ಇದ್ರೆ, ಒಂದು ಕಣ್ಣು ಮಂಜಾದ್ರೆ, ಕಣ್ಣು ತಿರುಗಿಸಿದ್ರೆ ನೋವಾದ್ರೆ, ಬಿಕ್ಕಳಿಕೆ ಎರಡು ದಿನ ಬಿಡದಿದ್ರೆ ಫೋನ್ ಮಾಡ್ಕೊಂಡು ಕೂರ್ಬೇಡಿ, ಅವತ್ತೇ ಹೋಗಿ. ಅವ್ಳೇ ಬೆಳಿಗ್ಗೆ ಒಂದೊಂದು ಕಣ್ಣು ಮುಚ್ಕೊಂಡು ಕ್ಯಾಲೆಂಡರ್ ಓದಿ ನೋಡೋದು ರೂಢಿ ಮಾಡ್ಕೊಳ್ಳಲಿ, ನಾನು ದಿನಾ ಮಾಡ್ತೀನಿ. ಔಷಧ ಚೆನ್ನಾಗಿದೀನಿ ಅಂತ ನಿಲ್ಲಿಸ್ಬಾರ್ದು, ಇನ್ನೊಂದು ಮಗು ಬೇಕು ಅನ್ನಿಸಿದ್ರೆ ಮೊದಲೇ ನ್ಯೂರಾಲಜಿಸ್ಟ್‌ಗೆ ಹೇಳ್ಲಿ. ಆಂಟಿಬಾಡಿ ರಿಪೋರ್ಟ್, ಎಂಆರ್‌ಐ ಸಿಡಿ, ಡಿಸ್ಚಾರ್ಜ್ ಸಮ್ಮರಿ ಒಂದೇ ಫೈಲಲ್ಲಿ ಹಾಕಿ ಬಾಗಿಲ ಹತ್ರಾನೇ ಇಡಿ. ಅವ್ಳಿಗೆ ಮಾತಾಡ್ಬೇಕು ಅನ್ನಿಸಿದಾಗ ನನಗೆ ಇಲ್ಲಿ ಮೆಸೇಜ್ ಮಾಡ್ಲಿ, ರಾತ್ರಿ ಆದ್ರೂ ಪರವಾಗಿಲ್ಲ.